ಮಳೆಯ ಮೊತ್ತ ಅಷ್ಟೇ ಇದೆ, ಅಬ್ಬಿ ಯಾಕೆ ಫೆಬ್ರವರಿಗೇ ಬತ್ತುತ್ತದೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ನಮ್ಮ ಅಪ್ಪಯ್ಯ 1978ರಿಂದ ಮಳೆ ಲೆಕ್ಕ ಬರೆದಿಟ್ಟ ಪುಸ್ತಕ ಮನೆಯಲ್ಲಿದೆ. ಈಗ ನಾನು ಬರೆಯುತ್ತಿದ್ದೇನೆ. ವರ್ಷದ ಮೊತ್ತ ಕೂಡಿ ನೋಡಿದರೆ ಆಗಿಗೂ ಈಗಿಗೂ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಆದರೆ ಏಪ್ರಿಲ್‌ವರೆಗೂ ಹರಿಯುತ್ತಿದ್ದ ನಮ್ಮ ಅಬ್ಬಿ (ಗುಡ್ಡದಿಂದ ಇಳಿದು ಬರುವ ಒರತೆ ನೀರು) ಈಗ ಫೆಬ್ರವರಿಗೇ ಸಣ್ಣಗಾಗುತ್ತದೆ. ಚಳಿಯೂ ಮೊದಲಿನಷ್ಟಿಲ್ಲ. ಊರಲ್ಲಿ ಕೆಲವರು ಎಲ್ಲದಕ್ಕೂ ಹವಾಮಾನ ಬದಲಾವಣೆ ಅನ್ನುತ್ತಾರೆ. ಇನ್ನು ಕೆಲವರು ಕಾಡು ಕಡಿದದ್ದು, ಬೋರ್ ಕೊರೆದದ್ದು ಕಾರಣ ಅನ್ನುತ್ತಾರೆ. ಯಾರ ಮಾತು ನಿಜ? ನಮ್ಮ ಕಡೆ ಹವಾಮಾನ ಬದಲಾಗಿದೆ ಅನ್ನೋಕೆ ಯಾವ ಗುರುತು ನೋಡಬೇಕು?

ಉತ್ತರ: ಇಬ್ಬರ ಮಾತಿನಲ್ಲೂ ನಿಜ ಇದೆ. ಯಾರದ್ದು ಎಷ್ಟು ಪಾಲು ಅನ್ನುವುದನ್ನು ನಿಮ್ಮ ಮನೆಯ ಪುಸ್ತಕದಿಂದಲೇ ಸಾಕಷ್ಟು ಮಟ್ಟಿಗೆ ತಿಳಿಯಬಹುದು. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ವರ್ಷದ ಮೊತ್ತ ಕೂಡಿದ ಆ ಕೊನೆಯ ಸಾಲನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಮಲೆನಾಡಿನಲ್ಲಿ ಹವಾಮಾನ ಬದಲಾಗಿರುವ ಗುರುತು ಮೊತ್ತದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದು ಸಿಗುವುದು ದಿನದ ಲೆಕ್ಕದಲ್ಲಿ. ಎಷ್ಟು ದಿನ ಮಳೆ ಬಂತು, ಒಂದೇ ದಿನ ಎಷ್ಟು ಬಂತು, ನಡುವೆ ಎಷ್ಟು ದಿನ ಹೊಳವಾಯಿತು (ಮಳೆ ಬಿಡುವು ಕೊಟ್ಟಿತು), ಕೊನೆಯ ಮಳೆ ಯಾವಾಗ ಬಂತು ಎಂಬುದರಲ್ಲಿ.

ಮೊತ್ತ ಯಾಕೆ ಮೋಸ ಮಾಡುತ್ತದೆ ಅನ್ನೋದಕ್ಕೆ 2019ನೇ ಇಸವಿ ನೆನಪಿಸಿಕೊಳ್ಳಿ. ಆ ವರ್ಷ ಜೂನ್‌ನಲ್ಲಿ ದೇಶದಾದ್ಯಂತ ಮಳೆ ವಾಡಿಕೆಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು. ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಮುಂಗಾರು ದೇಶದಿಂದ ಹಿಂದೆ ಸರಿಯಲು ಶುರುವಾದದ್ದೇ ಅಕ್ಟೋಬರ್ 9ಕ್ಕೆ. ದಾಖಲೆಯಲ್ಲಿ ಅಷ್ಟು ತಡವಾದದ್ದು ಅದೇ ಮೊದಲು. ಕೊನೆಗೆ ದೇಶದ ಮುಂಗಾರಿನ ಲೆಕ್ಕ ಏನು ಬಂತು ಗೊತ್ತಾ? ವಾಡಿಕೆಯ ಶೇಕಡಾ 110. ಕಾಗದದ ಮೇಲೆ ಬಹಳ ಒಳ್ಳೆಯ ವರ್ಷ. ಸಸಿಮಡಿ ಒಣಗಿಸಿಕೊಂಡವರಿಗೆ, ಗದ್ದೆ ಕೊಚ್ಚಿಹೋದವರಿಗೆ, ಅಂಗಳದಲ್ಲಿ ಅಡಿಕೆ ಒಣಗಿಸಲು ಬಿಸಿಲಿಗೆ ಕಾದವರಿಗೆ ಅದು ಎಂಥ ವರ್ಷ ಅಂತ ನಾನು ಹೇಳಬೇಕಾಗಿಲ್ಲ.

ನಮ್ಮ ಕಡೆಯ ಮಳೆಗೆ ಇನ್ನೊಂದು ಗುಣವಿದೆ. ಅದು ಜಾಗದಿಂದ ಜಾಗಕ್ಕೆ ವಿಪರೀತ ಬದಲಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರ್, ಹಳಬರ ಲೆಕ್ಕದಲ್ಲಿ 300 ಇಂಚು. ನಿಮ್ಮ ತಾಲ್ಲೂಕಿನ ಹುಲಿಕಲ್ ಕೆಲವು ವರ್ಷ ಅದನ್ನೂ ಮೀರಿಸುತ್ತದೆ. ಅದೇ ಶಿವಮೊಗ್ಗ ಪೇಟೆಗೆ ಬಂದರೆ ಸಾವಿರ ಮಿಲಿಮೀಟರ್ ಆಸುಪಾಸು. ವರ್ಷದಿಂದ ವರ್ಷಕ್ಕೂ ಇದೇ ಏರಿಳಿತ. ಇಷ್ಟು ಕುಣಿಯುವ ಅಂಕಿಯಲ್ಲಿ ಸಣ್ಣ ಇಳಿಕೆ ಮುಚ್ಚಿಹೋಗುತ್ತದೆ. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ, 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇಕಡಾ 6ರಷ್ಟು ಇಳಿದಿದೆ. ಇಳಿಕೆ ಎದ್ದು ಕಾಣುವುದು ಎರಡು ಕಡೆ: ಗಂಗೆಯ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮ ಘಟ್ಟದಲ್ಲಿ. ಶೇಕಡಾ 6 ಅನ್ನುವುದು ಒಂದು ಮನೆಯ ಮಳೆ ಮಾಪಕದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಲ್ಲ. ನೂರಾರು ಕೇಂದ್ರಗಳ ಲೆಕ್ಕ ಒಟ್ಟಿಗೆ ಇಟ್ಟಾಗ ಮಾತ್ರ ಕಾಣುತ್ತದೆ. ಹಾಗಾಗಿ ನಿಮ್ಮ ಮೊತ್ತ ಅಷ್ಟೇ ಇದೆ ಅನ್ನುವುದಕ್ಕೂ, ಘಟ್ಟದ ಮಳೆ ಇಳಿದಿದೆ ಅನ್ನುವುದಕ್ಕೂ ಜಗಳವಿಲ್ಲ.

ಈಗ ಪುಸ್ತಕ ತೆಗೆಯಿರಿ. ಮೊದಲ ಹದಿನೈದು ವರ್ಷ ಒಂದು ಕಡೆ, ಇತ್ತೀಚಿನ ಹದಿನೈದು ವರ್ಷ ಇನ್ನೊಂದು ಕಡೆ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪ್ರತಿ ವರ್ಷ ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಂದ ದಿನ ಎಷ್ಟು ಅಂತ ಎಣಿಸಿ. ಹವಾಮಾನ ಇಲಾಖೆ ‘ಮಳೆ ದಿನ’ ಅನ್ನುವುದು ಅದನ್ನೇ, ಇಂಚಿನ ಲೆಕ್ಕದಲ್ಲಿ ಹತ್ತು ಸೆಂಟ್. ಆಮೇಲೆ 64.5 ಮಿಲಿಮೀಟರ್ ದಾಟಿದ ದಿನ ಎಷ್ಟು ಅಂತ ನೋಡಿ. ಅದು ‘ಭಾರಿ ಮಳೆ’. 204.4 ದಾಟಿದರೆ ‘ಅತ್ಯಂತ ಭಾರಿ ಮಳೆ’, ಅಂದರೆ ಒಂದೇ ದಿನ ಎಂಟು ಇಂಚು. ಘಟ್ಟದ ಅಂಚಿನಲ್ಲಿರುವ ನಿಮಗೆ 64.5 ಅನ್ನುವುದು ಆಷಾಢದ ಮಾಮೂಲಿ ದಿನ, ಅಲ್ವಾ? ಹಾಗಾಗಿ ನಿಮ್ಮೂರಿನ ಮಟ್ಟಿಗೆ ಎಂಟು ಇಂಚಿನ ಗೆರೆಯೇ ಹೆಚ್ಚು ಕಥೆ ಹೇಳುತ್ತದೆ. ಇನ್ನು ಮುಖ್ಯವಾದದ್ದು, ಜುಲೈ ಮತ್ತು ಆಗಸ್ಟ್‌ನಲ್ಲಿ ಮಳೆಯಿಲ್ಲದೆ ಹೋದ ಅತಿ ಉದ್ದದ ಹೊಳವು ಎಷ್ಟು ದಿನದ್ದು ಅಂತ ವರ್ಷ ವರ್ಷಕ್ಕೂ ಬರೆಯಿರಿ. ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ.

ಮಳೆ ದಿನ ಕಮ್ಮಿಯಾಗಿ, ಹೊಳವು ಉದ್ದವಾಗಿ, ಬರುವ ಮಳೆ ಕೆಲವೇ ದಿನಗಳಲ್ಲಿ ಸುರಿದು ಮುಗಿಯುವುದು ಬಿಸಿಯಾಗುತ್ತಿರುವ ಲೋಕದ ಗುರುತು. ಇದರ ಕಾರಣ ಚೆನ್ನಾಗಿಯೇ ಗೊತ್ತಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆಯಾಗಿ ಬೀಳಲು ಕಾಯುವ ಹೊತ್ತೂ ಉದ್ದವಾಗುತ್ತದೆ, ಬಿದ್ದಾಗ ಜೋರೂ ಹೆಚ್ಚುತ್ತದೆ. ನಮಗೆ ಆವಿ ಕಳಿಸುವ ಅರಬ್ಬಿ ಸಮುದ್ರ ಮತ್ತು ಅದರಾಚೆಯ ಹಿಂದೂ ಮಹಾಸಾಗರ 1951ರಿಂದ 2015ರ ನಡುವೆ ಸರಾಸರಿ ಒಂದು ಡಿಗ್ರಿಯಷ್ಟು ಬಿಸಿಯಾಗಿವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1950ರಿಂದ 2015ರವರೆಗಿನ ಲೆಕ್ಕ ತೆಗೆದು 2017ರಲ್ಲಿ ಪ್ರಕಟಿಸಿದರು. ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶಕ್ಕೆ ಒಮ್ಮೆಗೇ ಸುರಿಯುವ ಅತಿ ಭಾರಿ ಮಳೆ ಮೂರು ಪಟ್ಟಾಗಿದೆ, ಅದೂ ಒಟ್ಟು ಮಳೆ ಇಳಿಯುತ್ತಿರುವಾಗಲೇ, ಅನ್ನುವುದು ಅವರು ಕಂಡುಕೊಂಡ ವಿಷಯ. ಮೊತ್ತ ಇಳಿಯುತ್ತದೆ, ಜೋರು ಏರುತ್ತದೆ. ನಿಮ್ಮ ಪುಸ್ತಕದಲ್ಲೂ ಹುಡುಕಬೇಕಾದದ್ದು ಈ ಜೋಡಿಯನ್ನೇ.

ಹಿಂಗಾರಿನ ಕಡೆಗೂ ಒಂದು ಕಣ್ಣಿರಲಿ. ಅರಬ್ಬಿ ಸಮುದ್ರ ಮೊದಲು ಚಂಡಮಾರುತಕ್ಕೆ ಅಷ್ಟಾಗಿ ಹೆಸರಾದದ್ದಲ್ಲ, ಬಂಗಾಳ ಕೊಲ್ಲಿಯೇ ಅದರ ಮನೆ. ಆದರೆ 1982ರಿಂದ 2000ದ ಅವಧಿಗೆ ಹೋಲಿಸಿದರೆ 2001ರಿಂದ 2019ರ ಅವಧಿಯಲ್ಲಿ ಅರಬ್ಬಿಯ ಚಂಡಮಾರುತಗಳ ಸಂಖ್ಯೆ ಶೇಕಡಾ 52ರಷ್ಟು ಹೆಚ್ಚಿದೆ. ಗೊನೆ ಇಳಿಸಿ, ಅಡಿಕೆ ಬೇಯಿಸಿ, ಅಂಗಳಕ್ಕೆ ಹರವಿದ ಮೇಲೆ ಮೋಡ ಕಟ್ಟಿ ಹನಿಯುವ ವರ್ಷಗಳು ಮೊದಲೂ ಇದ್ದವು. ಈಗ ಜಾಸ್ತಿಯಾಗಿವೆಯೋ ಇಲ್ಲವೋ ಅನ್ನುವುದನ್ನು ನಿಮ್ಮ ನವೆಂಬರ್, ಡಿಸೆಂಬರ್ ಪುಟಗಳೇ ಹೇಳುತ್ತವೆ. ಆ ತಿಂಗಳುಗಳ ಒಂದೊಂದು ಹನಿಯನ್ನೂ ಬಿಡದೆ ಬರೆಯಿರಿ.

ಇನ್ನು ನಿಮ್ಮ ಅಬ್ಬಿ. ಇಲ್ಲಿ ಉತ್ತರ ಸ್ವಲ್ಪ ತೊಡಕಿನದು.

ಫೆಬ್ರವರಿಯಲ್ಲಿ ಅಬ್ಬಿಗೆ ಬರುವ ನೀರು ಗುಡ್ಡದ ಹೊಟ್ಟೆಯಲ್ಲಿ ಮಳೆಗಾಲದಲ್ಲಿ ಇಂಗಿದ್ದು. ನಮ್ಮ ಜಂಬಿಟ್ಟಿಗೆ ಗುಡ್ಡಗಳು ನೀರು ಕುಡಿಯುವುದರಲ್ಲಿ ಗಟ್ಟಿಗರು. ಆದರೆ ಅದಕ್ಕೂ ಒಂದು ವೇಗವಿದೆ. ಗಿಡದ ಬುಡಕ್ಕೆ ಕೊಡದ ನೀರನ್ನು ಒಮ್ಮೆಗೇ ಸುರುವಿದರೆ ಹರಿದು ಹೋಗುತ್ತದೆ, ಚೊಂಬಿನಲ್ಲಿ ನಿಧಾನಕ್ಕೆ ಹಾಕಿದರೆ ಬುಡದಲ್ಲೇ ನಿಲ್ಲುತ್ತದೆ. ನೂರು ಮಿಲಿಮೀಟರ್ ಜಡಿಮಳೆ ಹಗಲೂ ರಾತ್ರಿ ಹನಿದರೆ ಬಹುಪಾಲು ಒಳಗೆ ಇಳಿಯುತ್ತದೆ. ಅದೇ ನೂರು ಮಿಲಿಮೀಟರ್ ಮೂರು ತಾಸಿನಲ್ಲಿ ಬಂದರೆ ಹಳ್ಳ ಕೆಂಪಾಗಿ ಹರಿದು ಸಂಜೆಯೊಳಗೆ ಹೊಳೆ ಸೇರುತ್ತದೆ. ಮಾಪಕದಲ್ಲಿ ಎರಡೂ ನೂರೇ. ಗುಡ್ಡದೊಳಗೆ ಎರಡಕ್ಕೂ ಅಜಗಜಾಂತರ. ಹಿಂದೆ ಆಷಾಢದಲ್ಲಿ ಜಲ ಎದ್ದರೆ ತಿಂಗಳುಗಟ್ಟಲೆ ಧರೆಯಿಂದ (ಗುಡ್ಡದ ಕಡಿದಾದ ಮಣ್ಣಿನ ಅಂಚಿನಿಂದ), ತೋಟದ ಕಪ್ಪಿನಿಂದ (ಬಸಿಗಾಲುವೆಯಿಂದ) ನೀರು ಒಸರುತ್ತಿತ್ತು. ಜಲ ಏಳುವುದು ತಡವಾದರೆ, ಬೇಗ ನಿಂತರೆ, ಫೆಬ್ರವರಿಯ ಅಬ್ಬಿಗೆ ಅದರ ಪೆಟ್ಟು ಬಿದ್ದೇ ಬೀಳುತ್ತದೆ. ಇದು ಹವಾಮಾನದ ಪಾಲು.

ಆದರೆ ಅದೇ ಅಬ್ಬಿಯ ಮೇಲ್ಭಾಗದಲ್ಲಿ ನಲವತ್ತು ವರ್ಷದಲ್ಲಿ ಏನೇನಾಗಿದೆ ಅನ್ನುವುದನ್ನೂ ಪ್ರಾಮಾಣಿಕವಾಗಿ ನೋಡಬೇಕು. ಕಾನು (ದಟ್ಟ ಹಸಿರು ಕಾಡು) ತೆಳುವಾಗಿದೆಯಾ? ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ತರಗೆಲೆ ಪೂರ್ತಿ ಗುಡಿಸಿ ತರುತ್ತಾರಾ? ಅಕೇಶಿಯಾ ನೆಡುತೋಪು ಬಂದಿದೆಯಾ? ಗುಡ್ಡ ಸವರಿ ಹೊಸ ತೋಟ ಮಾಡಿದ್ದಾರಾ? ಕೆಳಗೆ ಬೋರ್ ಎಷ್ಟು ಬಿದ್ದಿವೆ? ಇವೆಲ್ಲ ಅಬ್ಬಿಯನ್ನು ಬೇಗ ಬತ್ತಿಸುತ್ತವೆ, ಇದಕ್ಕೆ ಲೋಕದ ಬಿಸಿ ಏರಬೇಕಾಗಿಯೇ ಇಲ್ಲ. ಎಲ್ಲ ತಪ್ಪನ್ನೂ ಹವಾಮಾನದ ಮೇಲೆ ಹಾಕುವುದು ನನಗೆ ನಿಜಕ್ಕೂ ಕಳವಳ ತರುವ ವಿಷಯ. ಯಾಕೆಂದರೆ ಹಾಗೆ ಅಂದುಕೊಂಡ ಕೂಡಲೇ, ನಮ್ಮ ಕೈಯಲ್ಲೇ ಇರುವ ಕೆಲಸವೂ ಕೈಬಿಟ್ಟುಹೋಗುತ್ತದೆ.

ಎರಡನ್ನೂ ಬೇರ್ಪಡಿಸಲು ಒಂದು ದಾರಿ ಇದೆ, ಖರ್ಚಿಲ್ಲದ್ದು. ನಿಮ್ಮ ಅಬ್ಬಿಗೆ ಹತ್ತಿರದಲ್ಲೇ, ಅದೇ ಮಳೆ ಬೀಳುವ ಕಡೆ, ಮೇಲಿನ ಕಾಡು ಇನ್ನೂ ಕೆಡದ ಒಂದು ಹಳ್ಳವನ್ನೋ ಅಬ್ಬಿಯನ್ನೋ ಹುಡುಕಿ. ದೇವರ ಕಾಡಿನಿಂದ ಇಳಿಯುವ ಹಳ್ಳ ಸಿಕ್ಕರೆ ಇನ್ನೂ ಒಳ್ಳೆಯದು. ಎರಡೂ ಯಾವ ವಾರ ಸಣ್ಣಗಾದವು, ಯಾವ ವಾರ ನಿಂತವು ಅಂತ ಬರೆಯುತ್ತಾ ಹೋಗಿ. ಒಂದು ಬಿಂದಿಗೆ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ವಾರಕ್ಕೊಮ್ಮೆ ಗಡಿಯಾರ ನೋಡಿ ಬರೆದರೂ ಸಾಕು. ಎರಡೂ ವರ್ಷ ವರ್ಷಕ್ಕೂ ಬೇಗ ಬತ್ತುತ್ತಿದ್ದರೆ ಮಳೆಯ ಸ್ವಭಾವ ಬದಲಾಗಿದೆ ಅನ್ನುವ ಕಡೆಗೆ ತಕ್ಕಡಿ ವಾಲುತ್ತದೆ. ನಿಮ್ಮದು ಮಾತ್ರ ಬತ್ತಿ ಕಾನಿನ ಹಳ್ಳ ಹರಿಯುತ್ತಿದ್ದರೆ ಕಾರಣ ನಿಮ್ಮ ಗುಡ್ಡದಲ್ಲೇ ಇದೆ. ಮಲೆನಾಡಿನಲ್ಲಿ ಬಹಳ ಕಡೆ ಎರಡೂ ಸೇರಿಕೊಂಡಿವೆ ಅನ್ನುವುದು ನನ್ನ ಅಂದಾಜು. ಕೆಟ್ಟ ಗುಡ್ಡಕ್ಕೆ ಕೆಟ್ಟ ಮಳೆಯ ಪೆಟ್ಟು ಇಮ್ಮಡಿಯಾಗಿ ಬೀಳುತ್ತದೆ.

2023ರಂಥ ಒಂದು ವರ್ಷ ನೋಡಿ ತೀರ್ಮಾನಕ್ಕೆ ಬರಬೇಡಿ. ಆ ವರ್ಷದ ಆಗಸ್ಟ್ ದೇಶದ ಮಟ್ಟಿಗೆ 1901ರ ನಂತರದ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು, ಮಲೆನಾಡಿನ ತಾಲ್ಲೂಕುಗಳೂ ಅದರಲ್ಲಿದ್ದವು. ಆದರೆ ಅದು ಎಲ್ ನಿನೊ ವರ್ಷ. ಪೆಸಿಫಿಕ್ ಸಾಗರ ಕೆಲವು ವರ್ಷಕ್ಕೊಮ್ಮೆ ಹೀಗೆ ಬಿಸಿಯಾಗುತ್ತದೆ, 1982ರಲ್ಲೂ 1997ರಲ್ಲೂ 2015ರಲ್ಲೂ ಆಗಿತ್ತು. ಹವಾಮಾನ ಅನ್ನಬೇಕಾದರೆ ಕಡಿಮೆ ಅಂದರೂ 30 ವರ್ಷದ ಸರಾಸರಿ ಬೇಕು, ಲೋಕವೆಲ್ಲ ಒಪ್ಪಿದ ಅಳತೆ ಅದು. ನಿಮ್ಮ ಪುಸ್ತಕ ಆ ಗೆರೆ ದಾಟಿದೆ. ಅದಕ್ಕೇ ಅದು ಅಷ್ಟು ಅಮೂಲ್ಯ.

ಚಳಿಯ ವಿಚಾರಕ್ಕೆ ಬರೋಣ. ದೇಶದ ಸರಾಸರಿ ಉಷ್ಣಾಂಶ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. ಕೇಳಲು ಸಣ್ಣ ಅಂಕಿ. ಚಳಿಯ ಮಟ್ಟಿಗೆ ಅದನ್ನು ರಾತ್ರಿಯಲ್ಲಿ ಹುಡುಕಿ. ಹಗಲು ನೆಲ ಕುಡಿದ ಬಿಸಿ ರಾತ್ರಿ ಆಕಾಶಕ್ಕೆ ಹೋಗಬೇಕು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಜಾಸ್ತಿಯಾದಷ್ಟೂ ಆ ಬಿಸಿ ಹೊರಗೆ ಹೋಗಲು ತಿಣುಕುತ್ತದೆ. ಹವಾಯಿಯ ಮೌನಾ ಲೋವಾ ಪರ್ವತದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ 315 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು, ಈಗ 420 ದಾಟಿದೆ. ಸೂರ್ಯನ ಶಾಖವೇ ಹೆಚ್ಚಿ ಹೀಗಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆಗಿರುವುದು ಉಲ್ಟಾ. ಕೆಳಗೆ ಬಿಸಿ ಏರುತ್ತಿದೆ, ಮೇಲಿನ ಪದರ ತಣ್ಣಗಾಗುತ್ತಿದೆ. ಶಾಖ ಕೆಳಗೇ ಸಿಕ್ಕಿಕೊಂಡಿದೆ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾಗಿಲ್ಲ.

ಆದರೆ ನಿಮಗೆ ಚಳಿ ಕಮ್ಮಿ ಅನಿಸುವುದಕ್ಕೆ ಬೇರೆ ಕಾರಣವೂ ಇರಬಹುದು. ಮಣ್ಣಿನ ಗೋಡೆ, ಹೆಂಚಿನ ಮಾಡು ಹೋಗಿ ತಾರಸಿ ಮನೆ ಬಂದಿದ್ದರೆ ಅನುಭವವೇ ಬದಲಾಗುತ್ತದೆ. ಅದಕ್ಕೆ ಮೈಯ ಮಾತು ನಂಬದೆ ಅಳತೆ ನಂಬಿ. ಗರಿಷ್ಠ-ಕನಿಷ್ಠ ಎರಡನ್ನೂ ತೋರಿಸುವ ಒಂದು ತಾಪಮಾಪಕ ತಂದು, ಗಾಳಿಯಾಡುವ ಬಿಳಿ ಬಣ್ಣದ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ತಾರಸಿಯಿಂದಲೂ ಕಾಂಕ್ರೀಟ್ ಅಂಗಳದಿಂದಲೂ ದೂರ ಇಡಿ. ಇದರ ಫಲ ನಿಮಗಿಂತ ನಿಮ್ಮ ಮಕ್ಕಳಿಗೆ ಸಿಗುತ್ತದೆ. ಇವತ್ತೇ ಶುರು ಮಾಡಿ.

ಹಿರಿಯರು ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳುವ ಮಾತನ್ನು ಕೆಲವರು ಹಗುರವಾಗಿ ಕಾಣುತ್ತಾರೆ. ನಾನು ಹಾಗೆ ಕಾಣುವುದಿಲ್ಲ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಅನ್ನುವ ಮಳೆಗಳು ಸೂರ್ಯನ ಚಲನೆಗೆ ಕಟ್ಟಿದವು. ಮೃಗಶಿರಾ ಪ್ರತಿ ವರ್ಷ ಜೂನ್ 8ರ ಹೊತ್ತಿಗೇ ಹುಟ್ಟುತ್ತದೆ, ಆರಿದ್ರಾ 22ರ ಹೊತ್ತಿಗೆ. ಈ ಲೆಕ್ಕ ಋತುವಿನಿಂದ ಜಾರುವುದು ಸುಮಾರು 70 ವರ್ಷಕ್ಕೆ ಒಂದು ದಿನ ಮಾತ್ರ. ‘ಅಪ್ಪಯ್ಯನ ಕಾಲದಲ್ಲಿ ಮೃಗಶಿರೆಯಲ್ಲೇ ಜಲ ಏಳುತ್ತಿತ್ತು, ಈಗ ಪುನರ್ವಸು ಬೇಕು’ ಅಂತ ಒಬ್ಬ ಅಜ್ಜ ಹೇಳಿದರೆ ಅದು ತಾರೀಖು ಹಾಕಿದ ಮಾಹಿತಿಯೇ. ಪಂಚಾಂಗ ಜಾರಿದ್ದರಿಂದ ಹೀಗಾಯಿತು ಅನ್ನಲು ಬರುವುದಿಲ್ಲ. ನಾಲ್ಕಾರು ಮನೆಯ ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ. ಒಟ್ಟಿಗೆ ಕೂರಿಸಿ ಕೇಳಿದರೆ ಒಬ್ಬರು ಹೇಳಿದ್ದನ್ನೇ ಉಳಿದವರೂ ಒಪ್ಪಿಬಿಡುತ್ತಾರೆ.

ತೋಟದ ರೋಗಗಳನ್ನು ಗುರುತಾಗಿ ಹಿಡಿಯುವಾಗ ಹುಷಾರು. ಕೊಳೆ ರೋಗಕ್ಕೂ ಮಳೆಗೂ ನೇರ ನಂಟಿದೆ. ಅದರ ಬೀಜಕಣ ಹರಡುವುದೇ ನೀರಿನಲ್ಲಿ. ಜಡಿಮಳೆ, ನಡುವೆ ಸ್ವಲ್ಪ ಬಿಸಿಲು, ಮತ್ತೆ ಮಳೆ, ಇಂಥ ಹವೆ ಅದಕ್ಕೆ ಇಷ್ಟ. ಕೊಳೆಗೆ ಬೋರ್ಡೋ ಔಷಧ ಹೊಡೆಯಲು ಹೊಳವು ಸಿಕ್ಕ ದಿನ, ಸಿಗದೆ ಕಾದ ದಿನ ಎರಡನ್ನೂ ಬರೆದಿಟ್ಟರೆ ಒಳ್ಳೆಯ ದಾಖಲೆಯಾಗುತ್ತದೆ. ಬೇಸಿಗೆಯಲ್ಲಿ ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗಿದ್ದು, ಹರಳು (ಎಳೆ ಕಾಯಿ) ಉದುರಿದ್ದು ಕೂಡ ಹಾಗೆಯೇ. ಆದರೆ ಅಡಿಕೆಯ ಎಲೆಚುಕ್ಕಿ ರೋಗ ಇಷ್ಟು ಹಬ್ಬಿದ್ದನ್ನು ಹವಾಮಾನವೊಂದಕ್ಕೇ ಕಟ್ಟಲು ನಾನು ಒಪ್ಪುವುದಿಲ್ಲ. ತೋಟದಿಂದ ತೋಟಕ್ಕೆ ರೋಗದ ಸೋಗೆ, ಸಸಿ ಸಾಗುವುದೂ, ತೋಟಗಳು ಒಂದಕ್ಕೊಂದು ಅಂಟಿಕೊಂಡಂತೆ ಬೆಳೆದಿರುವುದೂ ಅದರಲ್ಲಿ ಸೇರಿದೆ. ಮಂಗನ ಕಾಯಿಲೆಯನ್ನೂ ಈಚೆಗೆ ಹವಾಮಾನದ ಪಟ್ಟಿಗೆ ಸೇರಿಸುತ್ತಾರೆ. ಅದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು 1957ರಲ್ಲಿ. ಕಾಡಿಗೂ ಊರಿಗೂ ನಡುವಿನ ಗಡಿ ಕದಡಿದ ಕಥೆ ಅದರಲ್ಲಿ ದೊಡ್ಡದು.

ಇನ್ನು ಕಾಡಿನ ಕಡೆ. ನೀವು ನೋಡಬಹುದಾದ ಜೀವಿಗಳಲ್ಲಿ ಕಪ್ಪೆಗಳನ್ನು ನಾನು ಮೊದಲು ಹೇಳುತ್ತೇನೆ. ಅವುಗಳ ಚರ್ಮವೇ ಒದ್ದೆಯಾಗಿರಬೇಕು, ಹಲವು ಜಾತಿಗಳು ಮೊಟ್ಟೆಯಿಡುವುದು ಹಳ್ಳದ ಅಂಚಿನ ಎಲೆ, ಕಡ್ಡಿಗಳ ಮೇಲೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು ವಿಜ್ಞಾನ ಲೋಕ ಹೆಸರಿಟ್ಟು ಗುರುತಿಸಿದ್ದು 2014ರಲ್ಲಿ. ಗಂಡು ಕಪ್ಪೆ ಮುಂಗಾಲಿನಲ್ಲಿ ಹಸಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಆಷಾಢದಲ್ಲಿ ಹದಿನೈದು ದಿನ ಹೊಳವಾದರೆ ಹೊರಗೆ ಅಂಟಿಸಿದ ಮೊಟ್ಟೆಗಳ ಗತಿ ಏನು? ಒಂದೇ ದಿನ ಎಂಟು ಇಂಚು ಸುರಿದು ಹಳ್ಳ ಉಕ್ಕಿದರೆ ಏನು? ವರ್ಷದ ಮೊತ್ತ ಆ ಕಪ್ಪೆಗೆ ಏನೂ ಹೇಳುವುದಿಲ್ಲ, ನಿಮ್ಮ ಅಬ್ಬಿಗೆ ಹೇಳದ ಹಾಗೆಯೇ. ನಿಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಮೊದಲ ಕಪ್ಪೆ ಕೂಗಿದ ರಾತ್ರಿಯನ್ನೂ ಪುಸ್ತಕದಲ್ಲಿ ಬರೆಯಿರಿ.

ಅಬ್ಬಿಯ ಮಟ್ಟಿಗೆ ನಿಮ್ಮ ಕೈಯಲ್ಲಿರುವುದು ಮೇಲಿನ ಗುಡ್ಡ. ಅಲ್ಲಿ ಕೆಲವು ವರ್ಷ ತರಗೆಲೆ ಗುಡಿಸುವುದು ನಿಲ್ಲಿಸಿ, ದನ ಮತ್ತು ಬೆಂಕಿ ಹೋಗದ ಹಾಗೆ ನೋಡಿಕೊಂಡರೆ ಕಾಡು ತಾನೇ ಎದ್ದುಕೊಳ್ಳುತ್ತದೆ. ಸಸಿ ನೆಡುವುದಕ್ಕಿಂತ ಇದೇ ಮೇಲು. ಇಂಗುಗುಂಡಿ ತೋಡುವ ಆಸೆಯಿದ್ದರೆ ಇಳಿಜಾರು ನೋಡಿ ತೋಡಿ. ಕಡಿದಾದ ಗುಡ್ಡದಲ್ಲಿ, ಮನೆಯ ಹಿಂದಿನ ಧರೆಯ ಮೇಲೆ, ಗುಂಡಿ ತೋಡಿ ನೀರು ನಿಲ್ಲಿಸಬೇಡಿ. ಭಾರಿ ಮಳೆ ಹೆಚ್ಚುತ್ತಿರುವ ಕಾಲದಲ್ಲಿ ಅದು ಧರೆ ಕುಸಿತಕ್ಕೆ ದಾರಿ.

ಕೊನೆಯದಾಗಿ ಮಾಪಕದ ಬಗ್ಗೆ. ಅಪ್ಪಯ್ಯ 1978ರಲ್ಲಿ ಅದನ್ನು ಇಟ್ಟಾಗ ಸುತ್ತ ಬಯಲಿತ್ತೇ? ಈಗ ಪಕ್ಕದಲ್ಲಿ ಹಲಸೋ ತೆಂಗೋ ಬೆಳೆದು ನಿಂತಿದ್ದರೆ ಮರ ಮಳೆಯನ್ನು ತಡೆಯುತ್ತದೆ, ಲೆಕ್ಕ ಸುಮ್ನೆ ಇಳಿದಂತೆ ತೋರುತ್ತದೆ. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬೇಕು. ಹಾಗಂತ ಹಳೆಯದನ್ನು ಇದ್ದಕ್ಕಿದ್ದಂತೆ ಕೀಳಬೇಡಿ, ಸರಣಿ ತುಂಡಾಗುತ್ತದೆ. ಬಯಲಿನಲ್ಲಿ ಎರಡನೆಯ ಮಾಪಕ ಇಟ್ಟು, ಎರಡು ಮಳೆಗಾಲ ಎರಡನ್ನೂ ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ. ವ್ಯತ್ಯಾಸ ಎಷ್ಟು ಅಂತ ಗೊತ್ತಾದ ಮೇಲೆ ಹಳೆಯದನ್ನು ಬಿಡಿ. ಮಳೆ ಬಾರದ ದಿನಕ್ಕೆ ಸೊನ್ನೆ ಹಾಕಿ, ನೋಡಲಾಗದ ದಿನಕ್ಕೆ ಗೆರೆ ಎಳೆಯಿರಿ. ಇವೆರಡೂ ಬೆರೆತುಹೋದರೆ ಹೊಳವಿನ ಲೆಕ್ಕ ಪೂರಾ ಕೆಡುತ್ತದೆ. ಪಾತ್ರೆ ತುಂಬಿ ಚೆಲ್ಲಿದ ದಿನ ‘ಚೆಲ್ಲಿತು’ ಅಂತಲೇ ಬರೆಯಿರಿ. ನಿಮ್ಮ ಪಂಚಾಯಿತಿಯಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕ ಇದ್ದರೆ ಅದರ ಲೆಕ್ಕದ ಜೊತೆ ಹೋಲಿಸಿ ನೋಡಿ. ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದು ಒಂದು ಪ್ರತಿಯನ್ನು ಸಾಗರದ ಇರುವಕ್ಕಿಯಲ್ಲಿರುವ ಕೃಷಿ ವಿಶ್ವವಿದ್ಯಾಲಯಕ್ಕೆ ಕೊಡಿ. ಮೂಲ ಪುಸ್ತಕ ಯಾರು ಕೇಳಿದರೂ ಕೊಡಬೇಡಿ, ಮನೆಯಲ್ಲೇ ಇರಲಿ.